ಚೌತಿ, ಮೊಂತಿ ಮತ್ತು ಎರಡು ಮೇಣದಬತ್ತಿ

ಶುಕ್ರವಾರ: ಘಟ್ಟ ಇಳಿದು ಕಲ್ಯಾಣಪುರಕ್ಕೆ

ನಮ್ಮ ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನವಳು ಮೂಡುಬಿದಿರೆ ಕಡೆಯ ಕಥೋಲಿಕ ಹೆಂಗಸು. ಪ್ರತಿ ಆಗಸ್ಟಿನಲ್ಲೂ ಅವಳದು ಒಂದೇ ಮಾತು: "ಕ್ರಿಸ್ಮಸ್ಸಿಗೆ ಬರ್ಬೇಡ ಮಾರಾಯ್ತಿ, ಅದು ಎಲ್ಲಾ ಕಡೆ ಉಂಟು. ಬರುವುದಾದ್ರೆ ಮೊಂತಿ ಫೆಸ್ತಿಗೆ ಬಾ." ಮೊಂತಿ ಅಂದರೆ ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ, ಕರಾವಳಿಯ ಕಥೋಲಿಕರಿಗೆ ಹೊಸ ಅಕ್ಕಿಯ ಹಬ್ಬವೂ ಹೌದು. 2024ರಲ್ಲಿ ಅದು ಭಾನುವಾರ ಬಿತ್ತು, ಹಿಂದಿನ ದಿನ ಗಣೇಶ ಚೌತಿ. ರಜೆಗಳು ತಾವಾಗಿಯೇ ಸಾಲು ನಿಂತಿದ್ದವು. ಅವ್ವ, ನಾನು, ಮಗ ಕಾರು ಹತ್ತಿದೆವು.

ನಮ್ಮದು ಧಾರವಾಡ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ನಾವು ಪ್ರೊಟೆಸ್ಟಂಟರು. ಅಜ್ಜ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಕಾಲದ ಉಪದೇಶಿ. ಅವ್ವ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ನಮ್ಮ ಭಕ್ತಿಯೆಲ್ಲ ಮಾತಿನದು: ಬೈಬಲ್ ಓದು, ಕೀರ್ತನೆ, ಪ್ರಸಂಗ, ಕಣ್ಣು ಮುಚ್ಚಿ ಪ್ರಾರ್ಥನೆ. ಸಂತರಿಲ್ಲ, ಮೂರ್ತಿಯಿಲ್ಲ, ಬತ್ತಿಯಿಲ್ಲ. ನಾನು ಚಿಕ್ಕವಳಿದ್ದಾಗ ರಾತ್ರಿ ಊಟದ ಮೊದಲು ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಈಗ ಬೆಳಿಗ್ಗೆ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ವಾಗ್ದಾನದ ವಾಕ್ಯ ಬರುತ್ತದೆ, ಹಿಂದೆ ಸೂರ್ಯೋದಯದ ಚಿತ್ರ. ನಾನು ಅದರ ಕೆಳಗೆ "ಆಮೆನ್" ಒತ್ತಿ ಬಸ್ಸಿಗೆ ಓಡುತ್ತೇನೆ.

ಹೊರಡುವ ಮೊದಲು ಅವ್ವ ಕಾರಿನಲ್ಲಿ ಕೂತು 121ನೇ ಕೀರ್ತನೆ ಓದಿದಳು. ಯಾವ ಪ್ರಯಾಣಕ್ಕೂ ಅದೇ. ಗದಗಕ್ಕೆ ಹೋಗುವುದಿದ್ದರೂ ಅದೇ. ಬೆಟ್ಟಗಳ ಕಡೆ ಕಣ್ಣೆತ್ತಿ, ನನಗೆ ಸಹಾಯ ಎಲ್ಲಿಂದ ಬಂದೀತು ಎಂದು ಕೇಳುವ ಕೀರ್ತನೆ ಅದು. ಕಲಘಟಗಿ ದಾಟಿ ಯಲ್ಲಾಪುರದ ಹೊತ್ತಿಗೆ ಮಳೆ ಹಿಡಿಯಿತು. ಅರಬೈಲು ಘಟ್ಟದಲ್ಲಿ ಮಂಜು, ಮುಂದೆ ಲಾರಿಗಳ ಕೆಂಪು ದೀಪ ಬಿಟ್ಟರೆ ಬೇರೇನಿಲ್ಲ. ಮಳೆಗಾಲದಲ್ಲಿ ಈ ದಾರಿ ಹಿಡಿಯುವವರು ಕತ್ತಲಾಗುವ ಮೊದಲೇ ಘಟ್ಟ ಇಳಿದಿರಬೇಕು. ಲಾರಿಯ ಹಿಂದೆ ಸುಮ್ಮನೆ ಸಾಲು ಹಿಡಿಯುವುದೇ ಲೇಸು.

ಅಂಕೋಲಾ ದಾಟಿದ ಮೇಲೆ ಶಿರೂರು ಬಂತು. ಜುಲೈ 16ರಂದು ಗುಡ್ಡ ಕುಸಿದು, ಹೆದ್ದಾರಿಯ ಮೇಲಿದ್ದ ಚಹಾದ ಅಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿದ ಜಾಗ. ನಾವು ಹೋದಾಗ ಕೆಲವರ ದೇಹಗಳು ಇನ್ನೂ ಸಿಕ್ಕಿರಲಿಲ್ಲ. ಗುಡ್ಡದ ಮೈ ಹಸಿ ಗಾಯದ ಹಾಗೆ ಕೆಂಪಗೆ ತೆರೆದುಕೊಂಡಿತ್ತು. ಮಗ ಗಾಡಿಯ ವೇಗ ತಗ್ಗಿಸಿದ. ಬೆಳಿಗ್ಗೆ ಬೆಟ್ಟದ ಕೀರ್ತನೆ ಓದಿದವಳು ಏನಾದರೂ ಹೇಳುತ್ತಾಳೇನೋ ಎಂದು ನಾನು ಕನ್ನಡಿಯಲ್ಲಿ ಅವ್ವನನ್ನು ನೋಡಿದೆ. ಅವಳು ಕಿಟಕಿಯ ಗಾಜು ಇಳಿಸಿ, ಮಳೆ ಮುಖಕ್ಕೆ ಹೊಡೆಯುತ್ತಿದ್ದರೂ ನದಿಯನ್ನೇ ನೋಡುತ್ತಿದ್ದಳು.

"ಅಜ್ಜಿ, ಇಂಥಲ್ಲಿ ಆ ಕೀರ್ತನೆ ಹೆಂಗ ಓದೂದು?" ಮಗ ಕೇಳಿಯೇಬಿಟ್ಟ. ಅವನು ಇಂಜಿನಿಯರಿಂಗ್ ಓದುವವನು, ಪ್ರಶ್ನೆ ಬಂದರೆ ನುಂಗುವವನಲ್ಲ.

"ಓದೂದನ್ನ ಬಿಡಾಕ ಬರೂದಿಲ್ಲಪ್ಪ. ವಾರ್ಡ್‌ನ್ಯಾಗ ಒಬ್ರು ತೀರಿಕೊಂಡ್ರಂತ ಮುಂದಿನ ಮಂಚದವ್ರ ಜ್ವರ ನೋಡೂದು ಬಿಡ್ತೀವೇನು?" ಅಂದಳು. ಅದು ಅವನ ಪ್ರಶ್ನೆಗೆ ಉತ್ತರವಲ್ಲ. ಅವನಿಗೂ ಅದು ಗೊತ್ತಾಯಿತು, ಆದರೆ ಮತ್ತೆ ಕೇಳಲಿಲ್ಲ.

ಕುಮಟೆಯಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕೋಕಂ ಕಡಿ. ಮೀನುಗಾರಿಕೆಯ ನಿಷೇಧ ಜುಲೈ ಕೊನೆಗೆ ಮುಗಿಯುವುದರಿಂದ ಸೆಪ್ಟೆಂಬರಿನಲ್ಲಿ ಬಂಗುಡೆ ತಾಜಾ ಸಿಗುತ್ತದೆ. ಹೊನ್ನಾವರದ ಶರಾವತಿ ಸೇತುವೆ, ಭಟ್ಕಳದ ಜಡಿಮಳೆ, ಮರವಂತೆಯಲ್ಲಿ ಒಂದು ಕಡೆ ಬೊಬ್ಬಿರಿಯುವ ಕಡಲು, ಇನ್ನೊಂದು ಕಡೆ ತೆಪ್ಪಗಿರುವ ಸೌಪರ್ಣಿಕಾ. ದಾರಿಯುದ್ದಕ್ಕೂ ಕಬ್ಬಿನ ಜಲ್ಲೆ ಹೇರಿದ ಟೆಂಪೊಗಳು. ಚೌತಿಗೂ ಕಬ್ಬು ಬೇಕು, ಮೊಂತಿಗೂ ಕಬ್ಬು ಬೇಕು. ಗಾಡಿಯವನಿಗೆ ಯಾವುದು ಯಾರ ಮನೆಗೆ ಎಂಬ ಚಿಂತೆಯಿಲ್ಲ.

ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಸಿರಿಯನ್ ಆರ್ಥೊಡಾಕ್ಸ್ ಸಭೆಯಿದೆ ಎಂದು ನಾನು ಹೇಳಿದಾಗ ಮಗ ನಂಬಲಿಲ್ಲ. ಕ್ರೈಸ್ತರೊಳಗಿನ ಒಳಪಂಗಡಗಳ ಲೆಕ್ಕ ನಮಗೇ ಪೂರ್ತಿ ಸಿಗುವುದಿಲ್ಲ, ಹೊರಗಿನವರು ಗೊಂದಲ ಮಾಡಿಕೊಂಡರೆ ತಪ್ಪೇನು! ಸಂತೆಕಟ್ಟೆಯ ಬಳಿ ರಸ್ತೆ ಕೆಲಸದ ಕೆಸರಿನಲ್ಲಿ ತೆವಳಿ ಕಲ್ಯಾಣಪುರ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಅಲ್ಲಿಯ ಮಿಲಾಗ್ರಿಸ್ ಚರ್ಚು 1678ರಷ್ಟು ಹಳೆಯದು. 2012ರಲ್ಲಿ ಉಡುಪಿ ಬೇರೆ ಧರ್ಮಪ್ರಾಂತ್ಯವಾದಾಗ ಅದು ಕೆಥೆಡ್ರಲ್ ಆಯಿತು.

ಒಳಗೆ ಅವ್ವ ತಲೆಗೆ ಸೆರಗು ಹಾಕಿ ಹಿಂದಿನ ಬೆಂಚಿನಲ್ಲಿ ಕೂತಳು. ಅಂಗಳದಲ್ಲಿ ಛತ್ರಿ ಮಡಚುತ್ತಿದ್ದ ಒಬ್ಬ ಹಿರಿಯರು ಮಾತಿಗೆ ಸಿಕ್ಕರು. ತಮ್ಮೂರಿನ ಸಣ್ಣ ಚರ್ಚಿನಲ್ಲಿ ಗಂಟೆ ಬಾರಿಸುವುದು ಅವರ ಕೆಲಸವಂತೆ, ಅವರ ತಂದೆಯದೂ ಅದೇ ಆಗಿತ್ತಂತೆ. ಮೊದಲೆಲ್ಲ ಸಂಜೆಯ ಗಂಟೆಗೆ ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ, ನಿಂತಲ್ಲೇ ಜಪ ಮಾಡುತ್ತಿದ್ದರು.

"ಈಗ?" ಅಂದೆ.

"ಈಗ ಗದ್ದೆಯೇ ಇಲ್ಲ, ನಿಲ್ಲುವುದು ಎಲ್ಲಿ? ಆದ್ರೆ ಬಾರಿಸ್ಬೇಕು. ಜ್ವರ ಬಂದ್ರೆ ಮಗ ಬಾರಿಸ್ತಾನೆ. ಅವನ ಕೈ ಸ್ವಲ್ಪ ಅವಸರದ್ದು. ಅದು ಕೇಳಿದ್ರೆ ಊರಿನವರು ಫೋನ್ ಮಾಡ್ತಾರೆ, ಏನು ಪೊರ್ಬುಗಳೇ, ಹುಷಾರಿಲ್ವಾ ಅಂತ."

ರಾತ್ರಿ ಮಲಗುವಾಗ ಅವ್ವ ಆ ಮಾತನ್ನೇ ಮತ್ತೆ ಮತ್ತೆ ಹೇಳಿ ನಕ್ಕಳು.

ಶನಿವಾರ: ವೈಪರ್ ಕೆಟ್ಟದ್ದು, ಅತ್ತೂರು

ಚೌತಿಯ ಬೆಳಿಗ್ಗೆ ಉಡುಪಿಯಲ್ಲಿ ತೆರೆದ ಹೋಟೆಲು ಹುಡುಕುವುದು ಸುಲಭವಿರಲಿಲ್ಲ. ಸಿಕ್ಕಿದ ಒಂದರಲ್ಲಿ ಮೂಡೆಯೂ ಸಾಂಬಾರೂ ಇದ್ದವು. ಹಲಸಿನ ಎಲೆಯ ಕೊಟ್ಟೆಗಿಂತ ಮುಂಡುಗದ ಎಲೆಯ ಮೂಡೆ ಮೆತ್ತಗೆ. ಅವ್ವನಿಗೆ ಹಲ್ಲಿನ ತೊಂದರೆ, ಅವಳಿಗೆ ಮೂಡೆಯೇ ಹಬ್ಬ.

ಮಣಿಪಾಲ, ಹಿರಿಯಡಕ ದಾಟಿ ಕಾರ್ಕಳದ ದಾರಿಯಲ್ಲಿ ಮಳೆ ಧೋ ಎಂದು ಸುರಿಯಲು ಶುರುವಾಯಿತು. ಅದೇ ಗಳಿಗೆ ನೋಡಿ ವೈಪರ್ ನಿಂತುಹೋಯಿತು. ಮುಂದೆ ಏನೂ ಕಾಣದು, ಹಬ್ಬದ ದಿನ ಗ್ಯಾರೇಜಿಗೆಲ್ಲ ಬಾಗಿಲು. ರಸ್ತೆ ಬದಿಯಲ್ಲಿ ಸಾರ್ವಜನಿಕ ಗಣೇಶೋತ್ಸವದ ಚಪ್ಪರ ಕಂಡಿತು. ಅದರ ಮಗ್ಗುಲಿಗೆ ಗಾಡಿ ನಿಲ್ಲಿಸಿದೆವು. ಮೈಕಿನಲ್ಲಿ ಭಜನೆ ನಡೆದಿತ್ತು. ಕೇಸರಿ ಶಾಲು ಹೊದ್ದ ನಾಲ್ಕೈದು ಹುಡುಗರು ಬಂದು ಬಾನೆಟ್ ತೆಗೆಸಿದರು. ಅವರಲ್ಲೊಬ್ಬ ಮೆಕ್ಯಾನಿಕ್ಕೇ. ಫ್ಯೂಸ್ ಸುಟ್ಟಿತ್ತು. ತನ್ನ ಮನೆಯಿಂದ ಫ್ಯೂಸ್ ತಂದು ಹಾಕುವಷ್ಟರಲ್ಲಿ ನಮ್ಮ ಕೈಗೆ ಬಾಳೆ ಎಲೆಯ ತುಂಡಿನಲ್ಲಿ ಪಂಚಕಜ್ಜಾಯ ಬಂದಿತ್ತು.

ಪಂಚಕಜ್ಜಾಯ ಅಂದರೆ ಪ್ರಸಾದ. ನಮ್ಮಲ್ಲಿ ಪ್ರಸಾದ ತಿನ್ನುವ ವಿಷಯದಲ್ಲಿ ಹಿಂದಿನಿಂದ ಬಂದ ಬಿಗಿಯಿದೆ, ಅಜ್ಜನಂತೂ ಮುಟ್ಟುತ್ತಿರಲಿಲ್ಲ. ಅವ್ವ ಎಲೆಯನ್ನು ಒಂದು ಗಳಿಗೆ ನೋಡಿದಳು, ಆಮೇಲೆ ತಿಂದಳು. "ಮಳಿಯಾಗ ನಿಂತು ಗಾಡಿ ರಿಪೇರಿ ಮಾಡೂ ಹುಡುಗನ ಮುಂದ ಒಲ್ಲೆ ಅನ್ನೂದು ಯಾವ ಸೀಮಿ ಭಕ್ತಿ?" ಎಂದು ನನ್ನ ಕಿವಿಯಲ್ಲಿ ಹೇಳಿದಳು, ನಾನು ಏನೂ ಕೇಳಿರದಿದ್ದರೂ.

ದುಡ್ಡು ಕೊಡಲು ಹೋದರೆ ಮೆಕ್ಯಾನಿಕ್ ಹುಡುಗ ತೆಗೆದುಕೊಳ್ಳಲಿಲ್ಲ. "ಎಲ್ಲಿಗೆ ಹೋಗುವುದು?" ಎಂದ. ಅತ್ತೂರಿಗೆ ಎಂದದ್ದೇ ಅವನ ಮುಖ ಅರಳಿತು. ಜೇಬಿನಿಂದ ಇಪ್ಪತ್ತರ ನೋಟು ತೆಗೆದು ಅವ್ವನ ಕೈಯಲ್ಲಿಟ್ಟ. "ಅಮ್ಮಾ, ಒಂದು ಉಪಕಾರ ಮಾಡಿ. ಎರಡು ಕ್ಯಾಂಡಲ್ ನಮ್ಮ ಲೆಕ್ಕದಲ್ಲಿ ಹಚ್ಚಿ. ನಮ್ಮಮ್ಮಂದು ಹರಕೆ ಉಂಟು, ಕಾಲು ನೋವಿಗೆ. ಜನವರಿ ಜಾತ್ರೆಗೆ ನಾನೇ ಹೋಗ್ತೇನೆ, ಆದ್ರೆ ಈಗ ಅವರಿಗೆ ನಡೆಯಲಿಕ್ಕೆ ಆಗುವುದಿಲ್ಲ."

ಅವ್ವ ನೋಟು ಹಿಡಿದು ನಿಂತಳು. ಜೀವಮಾನದಲ್ಲಿ ಸಂತನ ಮುಂದೆ ಬತ್ತಿ ಹಚ್ಚಿದವಳಲ್ಲ ಅವಳು. ನನಗೆ ನಗುವೂ ಬಂತು, ಕುತೂಹಲವೂ ಆಯಿತು. "ಆತಪ್ಪ" ಎಂದು ನೋಟನ್ನು ಬೈಬಲಿನ ಚೀಲಕ್ಕೇ ಹಾಕಿಕೊಂಡಳು.

ಅತ್ತೂರಿನ ಸಂತ ಲಾರೆನ್ಸರ ಚರ್ಚು ಕಾರ್ಕಳ ಪೇಟೆಯಿಂದ ಸ್ವಲ್ಪವೇ ದೂರ. 1759ರಲ್ಲಿ ಶುರುವಾದದ್ದು, 2016ರಲ್ಲಿ ಬೆಸಿಲಿಕಾ ಎಂಬ ಮನ್ನಣೆ ಸಿಕ್ಕಿತು. ಜನವರಿಯ ಜಾತ್ರೆಗೆ ಕಾಲಿಡಲು ಜಾಗವಿರುವುದಿಲ್ಲ, ಹಿಂದೂ ಮುಸ್ಲಿಂ ಕ್ರೈಸ್ತ ಎನ್ನದೆ ಸುತ್ತಿನ ಜಿಲ್ಲೆಗಳೆಲ್ಲ ಬರುತ್ತವೆ. ನಿಂತು ನೋಡುವ ಮನಸ್ಸಿದ್ದವರು ನಮ್ಮ ಹಾಗೆ ಮಳೆಗಾಲದಲ್ಲೇ ಹೋಗಬೇಕು. ಅಂದು ಇದ್ದವರು ಬೆರಳೆಣಿಕೆಯಷ್ಟು ಜನ.

ಮೇಣದಬತ್ತಿ ಮಾರುವ ಹೆಂಗಸು ಕಥೆ ಹೇಳಿದರು. ಪಾದ್ರಿಯೊಬ್ಬರು ಗೋವೆಯಿಂದ ಬಂದ ಸಂತನ ಮರದ ಪುಟ್ಟ ಮೂರ್ತಿ ಹಿಡಿದು, ಚರ್ಚಿಗೆ ಜಾಗ ಹುಡುಕುತ್ತ ನಡೆದರಂತೆ. ಗುಡ್ಡದ ಬುಡದಲ್ಲಿ ಒರತೆ ಕಂಡು, ಮೂರ್ತಿ ಕೆಳಗಿಟ್ಟು ನೀರು ಕುಡಿದರಂತೆ. ಆಮೇಲೆ ಎತ್ತಲು ಹೋದರೆ ಮೂರ್ತಿ ಮೇಲೇಳಲಿಲ್ಲ. ಇಲ್ಲೇ ಚರ್ಚು ಕಟ್ಟುತ್ತೇವೆ ಎಂದು ಮಾತು ಕೊಟ್ಟ ಮೇಲೆ ಎದ್ದಿತಂತೆ. ಧಾರವಾಡದ ಸುತ್ತಲಿನ ಎಷ್ಟು ಗುಡಿಗಳಿಗೆ ಇಂಥದ್ದೇ ಕಥೆಯಿಲ್ಲ! ಕರ್ನಾಟಕದ ಮಣ್ಣಿಗೆ ಬಂದ ದೇವರೂ ಸಂತರೂ ಮೊದಲು ಹಟ ಹಿಡಿಯುವುದನ್ನೇ ಕಲಿಯುತ್ತಾರೇನೋ. ಒರತೆಯ ಕೆರೆ ಈಗಲೂ ಇದೆ, ಜನ ಅದರ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ.

ನನಗೆ ಆ ಕಥೆಗಿಂತ ಲಾರೆನ್ಸರ ಹಳೆಯ ಕಥೆಯೇ ಇಷ್ಟ. ಕ್ರಿ.ಶ. 258ರಲ್ಲಿ ರೋಮಿನಲ್ಲಿ ಕೊಲ್ಲಲ್ಪಟ್ಟ ಈ ಸಂತ ಗುರುವೂ ಅಲ್ಲ, ಬಿಷಪ್ಪೂ ಅಲ್ಲ. ಡೀಕನ್, ಅಂದರೆ ಸಭೆಯ ಹಣ ನೋಡಿಕೊಂಡು ಬಡವರಿಗೆ ಹಂಚುವ ಹೊಣೆ ಹೊತ್ತವನು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಕ್ಯಾಷಿಯರ್ ಅನ್ನಿ. ಸಭೆಯ ಸಂಪತ್ತು ತಂದೊಪ್ಪಿಸು ಎಂದು ಅಧಿಕಾರಿ ಗದರಿದಾಗ ಅವನು ಊರಿನ ಬಡವರನ್ನೂ ಕುಂಟರನ್ನೂ ಕರೆತಂದು, ಇದೇ ನಮ್ಮ ಸಂಪತ್ತು ಎಂದನಂತೆ. ಕಾವಲಿಯ ಮೇಲೆ ಸುಟ್ಟು ಕೊಂದರು ಎಂದು ಪರಂಪರೆ ಹೇಳುತ್ತದೆ. ಅತ್ತೂರಿನ ಜಾತ್ರೆಗೆ ಭಿಕ್ಷುಕರು ಸಾಲುಗಟ್ಟಿ ಕೂರುವುದೂ ಹರಕೆ ಹೊತ್ತವರು ಅವರಿಗೆ ಹಂಚಿಕೊಂಡು ಹೋಗುವುದೂ ಆ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಅವ್ವ ಎರಡು ಬತ್ತಿ ಕೊಂಡಳು. ಒಂದು ಹಚ್ಚಿ ನಿಲ್ಲಿಸಿದಳು, ಗಾಳಿಗೆ ಆರಿತು. ಮತ್ತೆ ಹಚ್ಚಿದಳು. ಪಕ್ಕದಲ್ಲಿ ನಿಂತಿದ್ದ ಯಾರೋ ಬುಡಕ್ಕೆ ಮೇಣ ಸುರಿದು ಒತ್ತುವುದು ಹೇಗೆಂದು ತೋರಿಸಿದರು. ಎರಡೂ ಹತ್ತಿಕೊಂಡ ಮೇಲೆ ಅವಳು ಕೈ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಕಾಗದ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು, ಗಟ್ಟಿಯಾಗಿ ಹೇಳಿದಳು: "ಇವು ನನ್ನವಲ್ಲ. ಹಿರಿಯಡಕದ ದಾರಿಯಾಗ ಒಬ್ಬ ಹುಡುಗ ಕೊಟ್ಟಾನ. ಅವನ ತಾಯಿ ಕಾಲು ಬ್ಯಾನಿ. ಸ್ವಾಮಿ, ನೋಡಪ್ಪ."

ಸ್ವಾಮಿ ಅಂದದ್ದು ಯೇಸುವಿಗೋ ಲಾರೆನ್ಸರಿಗೋ ಎಂದು ಮಗ ಹೊರಗೆ ಬಂದು ಕೇಳಿದ. "ಯಾರ ಡ್ಯೂಟಿ ಇರತದೋ ಅವ್ರು ನೋಡ್ತಾರ" ಅಂದಳು ಅವ್ವ. ನಮ್ಮ ಸಭಾಪಾಲಕರ ಮುಂದೆ ಈ ದೇವಶಾಸ್ತ್ರ ಪಾಸಾಗುವುದಿಲ್ಲ. ಆದರೆ ಅವಳು ಆಯುಷ್ಯಪೂರ್ತಿ ಬೇರೆಯವರ ನೋವಿನ ಸುದ್ದಿಯನ್ನು ಒಂದು ಮಂಚದಿಂದ ಡಾಕ್ಟರ ತನಕ ಒಯ್ದವಳು. ಅತ್ತೂರಿನಲ್ಲಿ ಮಾಡಿದ್ದೂ ಅದನ್ನೇ.

ಸಂಜೆ ಗೆಳತಿಯ ತವರು ಮನೆ. ಮೂಡುಬಿದಿರೆಯಿಂದ ಕಿನ್ನಿಗೋಳಿ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಅಡಿಕೆ ತೋಟ, ಆಚೆ ಗದ್ದೆ. ಹೆಂಚಿನ ಮನೆ, ಜಗಲಿಯಲ್ಲಿ ಆರಲು ಹಾಕಿದ ಛತ್ರಿಗಳು. ಅವಳ ತಾಯಿಯನ್ನು ಕೆಲಸದವರೂ ಅಕ್ಕಪಕ್ಕದವರೂ "ಬಾಯಮ್ಮ" ಎನ್ನುತ್ತಾರೆ, ನಾವೂ ಹಾಗೇ ಕರೆದೆವು.

ಕತ್ತಲಾದ ಮೇಲೆ ತೆರ್ಸ್, ಅಂದರೆ ಜಪಮಾಲೆ. ಟಿವಿ ಆರಿತು, ಮೊಬೈಲುಗಳು ಮೇಜಿನ ಮೇಲೆ ಹೋದವು. ಒಂದೊಂದು ಹತ್ತು ಮಣಿಯ ಜಪವನ್ನು ಒಬ್ಬೊಬ್ಬರು ಮುನ್ನಡೆಸಿದರು. ಎರಡನೇ ಕ್ಲಾಸಿನ ಹುಡುಗಿಗೂ ಒಂದು ಪಾಲು. ಅವಳು ಎಣಿಕೆ ತಪ್ಪಿಸಿ ಹನ್ನೊಂದು ಹೇಳಿದಳು, ಯಾರೂ ತಿದ್ದಲಿಲ್ಲ. ನಡುವೆ ಕುಕ್ಕರ್ ಕೂಗಿತು. ಬಾಯಮ್ಮ ಜಪ ನಿಲ್ಲಿಸದೆಯೇ ಎದ್ದು ಹೋಗಿ ಗ್ಯಾಸ್ ಆರಿಸಿ ಬಂದರು. ಮುಗಿದ ಮೇಲೆ ತೀರಿಹೋದವರ ಹೆಸರುಗಳು. ಆಮೇಲೆ ಮಕ್ಕಳು ಸಾಲಾಗಿ ಹಿರಿಯರ ಮುಂದೆ ಬಂದು ಕೈಮುಗಿದು ಬೆಸಾಂವ್ ಕೇಳಿದರು, ಅಂದರೆ ಆಶೀರ್ವಾದ. ಆ ಹುಡುಗಿ ನಮ್ಮ ಅವ್ವನ ಮುಂದೆಯೂ ಬಂದು ನಿಂತಳು. ಅವ್ವ ತಲೆ ಮೇಲೆ ಕೈಯಿಟ್ಟು "ದೇವ್ರು ಛಲೋ ಇಡ್ಲಿ" ಅಂದಳು. ಕೊಂಕಣಿ ಬಾರದ ಅವ್ವನಿಗೂ ಧಾರವಾಡದ ಕನ್ನಡ ಬಾರದ ಆ ಹುಡುಗಿಗೂ ಅಷ್ಟೇ ಸಾಕಾಗಿತ್ತು.

ಭಾನುವಾರ: ಹೊಸ ಅಕ್ಕಿ

ಬೆಳಿಗ್ಗೆ ಏಳಕ್ಕೆಲ್ಲ ಅಂಗಳದಲ್ಲಿ ಹೂವಿನ ಗಲಾಟೆ. ಮೊಂತಿಗೆ ಮೊದಲಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ಯುತ್ತಾರೆ. ಗೌರಿ ಹೂ, ದಾಸವಾಳ, ಗೋರಂಟೆ, ಬೇಲಿಯಲ್ಲಿ ಸಿಕ್ಕಿದ್ದು, ಪಕ್ಕದ ಮನೆಯವರದ್ದು, ಕೇಳಿ ತಂದದ್ದು, ಕೇಳದೆ ತಂದದ್ದು. ಕೊನೆಯ ದಿನದ ಬುಟ್ಟಿ ಎಲ್ಲಕ್ಕಿಂತ ದೊಡ್ಡದಿರಬೇಕು. ಮೇಲೆ ಹೇಳಿದ ಹುಡುಗಿ ತನ್ನ ಬುಟ್ಟಿಯನ್ನು ಯಾರಿಗೂ ಹಿಡಿಯಲು ಕೊಡಲಿಲ್ಲ.

ಚರ್ಚಿನ ಅಂಗಳದಲ್ಲಿ ಬಾಲೆ ಮರಿಯಮ್ಮನ ಪುಟ್ಟ ಮೂರ್ತಿ, ಅದರ ಮುಂದೆ ಹೊಸ ಭತ್ತದ ತೆನೆಗಳ ರಾಶಿ. ಗುರುಗಳು ಆಶೀರ್ವದಿಸಿ ತೀರ್ಥ ಚಿಮುಕಿಸಿದರು. ಬ್ಯಾಂಡ್, ಕೊಡೆ, ಹಾಡು, ಮಳೆಯ ನಡುವೆ ಮೆರವಣಿಗೆ. ಮಕ್ಕಳು ಹೂವೆರಚುತ್ತ ಮುಂದೆ ನಡೆದರು. ಒಳಗೆ ಕೊಂಕಣಿಯಲ್ಲಿ ಪೂಜೆ. ನಮಗೆ ಮಾತು ಅರ್ಥವಾಗದಿದ್ದರೂ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಎಂದು ಹಿಂದಿನ ಸಾಲಿನವರು ಕಣ್ಣಲ್ಲೇ ತಿಳಿಸುತ್ತಿದ್ದರು. ಬಲಿಪೂಜೆ ಮುಗಿದದ್ದೇ ಹೊರಗೆ ಮಕ್ಕಳಿಗೆ ಕಬ್ಬು. ಅಷ್ಟು ಶಿಸ್ತಿನ ಜನ ಕಬ್ಬಿನ ಮುಂದೆ ಹೇಗೆ ನೂಕಾಡಿದರು ನೋಡಬೇಕಿತ್ತು. ಬಿಳಿ ಅಂಗಿಗಳೆಲ್ಲ ರಾಡಿ.

ಪ್ರತಿ ವಾಡೆಗೆ ಒಬ್ಬ ಗುರ್ಕಾರ್ ಇರುತ್ತಾರೆ, ಅಂದರೆ ಆ ಭಾಗದ ಮನೆಗಳ ಹಿರಿಯ. ತೆನೆಗಳನ್ನು ಎಣಿಸಿ ತಮ್ಮ ವಾಡೆಯ ಮನೆಗಳಿಗೆ ಹಂಚುವುದು ಅವರ ಕೆಲಸ. ನಾವು ಉಳಿದಿದ್ದ ಮನೆಯ ವಾಡೆಯ ಗುರ್ಕಾರರು ರಿಕ್ಷಾ ಓಡಿಸುವವರು. ಖಾಕಿ ಅಂಗಿ ಬದಲಿಸಿ ಬಿಳಿ ಅಂಗಿ ಹಾಕಿ ಬಂದಿದ್ದರು. ಬಾಗಿಲು ಹಾಕಿದ ಮನೆಗಳ ಪಾಲನ್ನೂ ಎತ್ತಿಟ್ಟರು. ಕುವೈಟಿನವರ ಪಾಲು, ಮುಂಬಯಿಯವರ ಪಾಲು. ಕೆಲವು ಕಾಳು ಲಕೋಟೆಯಲ್ಲಿ ಅಂಚೆಗೆ ಹೋಗುತ್ತವಂತೆ.

"ಅಲ್ಲಿ ಅವರು ಏನು ಮಾಡ್ತಾರೆ ಅದನ್ನು?" ಮಗ ಕೇಳಿದ.

"ಪಾಯಸಕ್ಕೆ ಹಾಕ್ತಾರೆ. ಎರಡು ಕಾಳಾದ್ರೂ ಆಯ್ತು. ನಮ್ಮ ಗದ್ದೆಯದ್ದಲ್ವಾ," ಅಂದರು ಗುರ್ಕಾರರು. ಹಾಗೆ ಹೇಳಿ ತಾವೇ ನಕ್ಕರು: "ಗದ್ದೆ ಈಗ ಮೂರು ಮನೆಯವರದ್ದು ಮಾತ್ರ ಉಳಿದದ್ದು. ತೆನೆಗೆ ಅವರನ್ನೇ ಹಿಡ್ಕೊಳ್ಬೇಕು."

ಮಧ್ಯಾಹ್ನದ ಊಟಕ್ಕೆ ಮೊದಲು ಬಾಯಮ್ಮ ತೆನೆಯಿಂದ ಕಾಳು ಬಿಡಿಸಿ, ಸಿಪ್ಪೆ ಸುಲಿದು, ಅರೆದು ಹಾಲಿಗೆ ಬೆರೆಸಿದರು. ದೇವರ ಪೀಠದ ಮುಂದೆ ಮೇಣದಬತ್ತಿ ಹಚ್ಚಿ, ಮನೆಯ ಹಿರಿಯಜ್ಜ ಪ್ರಾರ್ಥನೆ ಹೇಳಿ, ಒಂದೊಂದು ಚಮಚ ಎಲ್ಲರಿಗೂ ಹಂಚಿದರು. ಆಮೇಲೆ ಬಾಳೆ ಎಲೆಯ ಊಟ. ಹಂದಿಯ ಬಾಫತ್ತಿಗೆ ಹೆಸರಾದ ಈ ಅಡುಗೆಮನೆಗಳು ಅಂದು ಶುದ್ಧ ಸಸ್ಯಾಹಾರ. ಪಲ್ಯಗಳ ಎಣಿಕೆ ಬೆಸವಿರಬೇಕು, ಐದು ಏಳು ಒಂಬತ್ತು ಹೀಗೆ. ಹರಿವೆ ದಂಟು, ಕೆಸುವಿನ ದಂಟಿಗೆ ಅಂಬಟೆ ಹಾಕಿದ್ದು, ಗೋಡಂಬಿ ಹಾಕಿದ ತೊಂಡೆ, ಬೆಂಡೆ, ಹೀರೆ, ಕಡಲೆ ಸುಕ್ಕ, ಸೌತೆ. ಕೊನೆಗೆ ಹೆಸರುಬೇಳೆ, ತೆಂಗಿನ ಹಾಲು, ಬೆಲ್ಲದ ವೊರ್ನ್. ಕೆಸುವಿನ ದಂಟು ತಿನ್ನುವಾಗ ಗಂಟಲು ತುರಿಸೀತೆಂದು ಹೆದರಿದ್ದೆ. ಅಂಬಟೆಯ ಹುಳಿ ಅದನ್ನು ಕೊಂದುಹಾಕಿತ್ತು.

ಊಟದ ನಡುವೆ ಹಿರಿಯಜ್ಜ ಹಳೆಯದನ್ನು ತೆಗೆದರು. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಮಿರಾಂಡಾ ಎಂಬ ಗೋವೆಯ ಗುರುಗಳು ಈ ಹಬ್ಬ ಶುರುಮಾಡಿದರೆಂದು ಪ್ರತೀತಿ. ಗುಡ್ಡದ ಮೇಲಿನ ಆ ಮೊಂತೆಯಿಂದಲೇ ಮೊಂತಿ. 1784ರಲ್ಲಿ ಟಿಪ್ಪುವಿನ ಸೈನ್ಯ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿತು. 1799ರ ನಂತರ ಉಳಿದವರು ವಾಪಸು ಬಂದರು. "ಬಂದವರಿಗೆ ಮನೆ ಇರ್ಲಿಲ್ಲ, ಚರ್ಚ್ ಇರ್ಲಿಲ್ಲ. ಗದ್ದೆ ಹೂಡಿದ್ರು. ಬೆಳೆ ಬಂತು. ಬೆಳೆ ಬಂದ ಮೇಲೆ ಮೊಂತಿ ಮಾಡದೆ ಇರ್ಲಿಕ್ಕೆ ಆಗ್ತದಾ?" ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಸೌಟು ವೊರ್ನ್ ಬಡಿಸಿಕೊಂಡರು.

ಮಳೆ ನೋಡುತ್ತ ಜಗಲಿಯಲ್ಲಿ ಕೂತಾಗ ನನಗೆ ಹೊಳೆದದ್ದು ಇಷ್ಟು. ಈ ಮನೆಯಲ್ಲಿ ಯಾರನ್ನೂ ನಿನಗೆ ನಂಬಿಕೆ ಇದೆಯೇ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಒಂದೊಂದು ಕೆಲಸ ಕೊಟ್ಟಿದ್ದರು. ಹುಡುಗಿಗೆ ಹೂವಿನ ಬುಟ್ಟಿ ಮತ್ತು ಹತ್ತು ಮಣಿ, ರಿಕ್ಷಾದವರಿಗೆ ತೆನೆಯ ಲೆಕ್ಕ, ಅಜ್ಜನಿಗೆ ಚಮಚ. ಗೆಳತಿಯ ತಮ್ಮ ಚರ್ಚಿನ ವಿಷಯದಲ್ಲಿ ಭಾರಿ ತಕರಾರಿನವನು, ಪೂಜೆಯ ಹೊತ್ತಿಗೆ ಹೊರಗೆ ಬೈಕಿಗೆ ಒರಗಿ ನಿಂತಿರುತ್ತಾನಂತೆ. ಆದರೆ ಮೆರವಣಿಗೆಯ ಕೊಡೆ ಹಿಡಿಯುವ ಪಾಳಿ ಅವನದು. ಹಿಡಿದ, ಪೂರ್ತಿ ನೆನೆದ. ನಮ್ಮ ಮನೆಯಲ್ಲಿ ಪ್ರಾರ್ಥನೆ ಹೇಳುವವರು ಅವ್ವ, ಕೇಳುವವರು ಉಳಿದವರು. ಅವಳ ಕಣ್ಣು ಮುಚ್ಚಿರುವಷ್ಟು ಹೊತ್ತು ನನ್ನ ಮಗ ಫೋನು ನೋಡುತ್ತಾನೆ. ತಪ್ಪು ಅವನದೆಂದೇ ಇಷ್ಟು ದಿನ ಬೈಯುತ್ತಿದ್ದೆ. ಅವನಿಗೆ ಮಾಡಲು ನಾವು ಏನೂ ಕೊಟ್ಟಿಲ್ಲ.

ಹಾಗಂತ ನಮ್ಮದು ಪೂರ್ತಿ ಬರೀ ಮಾತಲ್ಲ ಎಂದು ಅವ್ವನ ವಾದ. "ನಮ್ಮ ಹಾರ್ವೆಸ್ಟ್ ಫೆಸ್ಟಿವಲ್ ಮರತಿಯೇನು?" ಹೌದು, ಅಲ್ಲಿ ಜೋಳದ ತೆನೆ, ಕುಂಬಳಕಾಯಿ, ಕೋಳಿ ಎಲ್ಲ ವೇದಿಯ ಮುಂದೆ ಬರುತ್ತವೆ, ಆರಾಧನೆ ಮುಗಿದ ಮೇಲೆ ಲಿಲಾವು. ಬದುಕಿನಲ್ಲಿ ಒಂದು ಕೀರ್ತನೆಯನ್ನೂ ನೆಟ್ಟಗೆ ಹಾಡದ ನಮ್ಮ ಮಾವ ಕುಂಬಳಕಾಯಿಯ ಸವಾಲು ಕೂಗುವುದರಲ್ಲಿ ಎತ್ತಿದ ಕೈ. ಅವನಿದ್ದ ಅಷ್ಟು ವರ್ಷವೂ ಆ ಭಾನುವಾರ ತಪ್ಪಿಸಿದವನಲ್ಲ.

ಸೋಮವಾರ: ಬಲ್ಮಠ, ಆಮೇಲೆ ವಾಪಸು

ಬೆಳಿಗ್ಗೆ ಮಂಗಳೂರು. ಅವ್ವನಿಗೆ ಇದೇ ಯಾತ್ರೆಯ ಮುಖ್ಯ ಭಾಗ. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, ಬಂದು ನೆಲೆಸಿದ್ದು ಈ ಊರಿನಲ್ಲಿ. ಮೂರೇ ವರ್ಷದಲ್ಲಿ ಧಾರವಾಡ ಮುಟ್ಟಿದರು. ನಮ್ಮ ಸಭೆಯ ಬೇರು ಇಲ್ಲಿದೆ. ಬಲ್ಮಠದ ಗುಡ್ಡ ಹತ್ತಿ ಶಾಂತಿ ಕೆಥೆಡ್ರಲ್ ನೋಡಿ, ಪಕ್ಕದ ಕರ್ನಾಟಕ ತಿಯಾಲಾಜಿಕಲ್ ಕಾಲೇಜಿನ ಆವರಣದಲ್ಲಿ ನಡೆದೆವು. ಮಿಶನ್ನಿನ ಹಳೆಯ ಕಾಗದಪತ್ರ, ಪುಸ್ತಕಗಳು ಇಲ್ಲಿಯ ಸಂಗ್ರಹದಲ್ಲಿವೆ. ಒಳಗೆ ನೋಡಬೇಕೆನ್ನುವವರು ಮೊದಲೇ ಪತ್ರ ಬರೆದು ಕೇಳಿಕೊಂಡು ಹೋಗುವುದು ಒಳ್ಳೆಯದು.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ್ದು ಈ ಊರಿನಲ್ಲೇ, ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿ ಬಂದದ್ದೂ ಇಲ್ಲಿಂದ. ಇದನ್ನೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೆವು. ಆದರೆ ಅವ್ವ ಮೇಲೆ ನೋಡುತ್ತಿದ್ದಳು, ಹೆಂಚುಗಳನ್ನು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ನೇತ್ರಾವತಿಯ ಜೇಡಿಮಣ್ಣಿನಿಂದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ಅದಕ್ಕೂ ಮೊದಲೇ ನೇಯ್ಗೆ ಬಂದಿತ್ತು, ಖಾಕಿ ಬಣ್ಣವೂ ಆ ಮಗ್ಗದಲ್ಲೇ ಹುಟ್ಟಿತೆನ್ನುತ್ತಾರೆ. ಸುವಾರ್ತೆ ಸಾರಲು ಬಂದವರಿಗೆ ಹೆಂಚೇಕೆ, ಬಟ್ಟೆಯೇಕೆ? ಕ್ರೈಸ್ತರಾದವರನ್ನು ಜಾತಿ ಹೊರಗೆ ಹಾಕುತ್ತಿತ್ತು; ಹೊಲ, ಕಸುಬು, ಮನೆ ಒಟ್ಟಿಗೇ ಹೋಗುತ್ತಿದ್ದವು. ನಂಬಿಕೆ ಸಿಕ್ಕಿತು, ನಾಳೆಯ ಊಟ ಹೋಯಿತು ಎಂಬ ಸ್ಥಿತಿ. ಅವರಿಗೆ ಕೆಲಸ ಬೇಕಿತ್ತು. ಹಾಗೆ ನೋಡಿದರೆ ಮಾತಿನ ಮಂದಿ ಎಂದುಕೊಂಡಿದ್ದ ನಮ್ಮವರೂ ಜನರ ಕೈಗೆ ಮೊದಲು ಕೊಟ್ಟದ್ದರಲ್ಲಿ ಮಗ್ಗ, ಅಚ್ಚು, ಮಣ್ಣು ಇದ್ದವು. ಕೂಲಿ ಕೊಟ್ಟ ಧಣಿಯೂ ಸಭೆಯ ಯಜಮಾನನೂ ಒಬ್ಬನೇ ಆದದ್ದರ ಬಿಗಿತವನ್ನೂ ಅವರು ಉಂಡಿರಬೇಕು. ಅದನ್ನು ಸಭೆಯ ಜಯಂತಿಗಳಲ್ಲಿ ನಾವು ಹೇಳುವುದು ಕಡಿಮೆ.

ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡದೆ ಹೋಗಬೇಡಿ ಎಂದು ಎಲ್ಲರೂ ಹೇಳಿದ್ದರು. ಗೋಡೆ, ಕಮಾನು, ಚಾವಣಿ ಒಂದಿಂಚೂ ಬಿಡದೆ ಚಿತ್ರ. ಇಟಲಿಯ ಅಂತೋನಿಯೊ ಮೊಸ್ಕೆನಿ 1899ರಿಂದ ಹತ್ತಿರಹತ್ತಿರ ಎರಡು ವರ್ಷ ಒಲ್ಲದ ಸೆಖೆಯಲ್ಲಿ ಅಟ್ಟಣಿಗೆ ಮೇಲೆ ನಿಂತು 1901ರ ಹೊತ್ತಿಗೆ ಮುಗಿಸಿದ. ಜೆಸ್ವಿಟ್ ಸಭೆಯಲ್ಲಿ ಅವನು ಗುರುವಲ್ಲ, ಬ್ರದರ್. ಪ್ರಸಂಗ ಮಾಡುವ ಹಕ್ಕಿಲ್ಲದವನು ಬ್ರಷ್ ಹಿಡಿದ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಒಳ್ಳೆಯದೇ. ಕತ್ತು ನೋಯುವವರೆಗೆ ನೋಡಿ ಹೊರಬಂದೆವು. "ಇಷ್ಟೆಲ್ಲ ಬಣ್ಣ ಇದ್ರ ನಾನು ಪ್ರಸಂಗ ಒಂದಕ್ಷರ ಕೇಳ್ತಿದ್ದಿಲ್ಲ ನೋಡು," ಅಂದಳು ಅವ್ವ. ಇಷ್ಟವಾಯಿತೋ ಇಲ್ಲವೋ ತಿಳಿಯಲಿಲ್ಲ.

ವಾಪಸಿನ ದಾರಿಯನ್ನು ಹೆಚ್ಚು ಹೇಳಲು ಇಲ್ಲ. ಮಳೆ ಹೊಳವಾಗಿತ್ತು, ಹೊಸ ಫ್ಯೂಸಿನ ವೈಪರಿಗೆ ಕೆಲಸವೇ ಬೀಳಲಿಲ್ಲ. ಹಿಂದಿನ ಸೀಟಿನಲ್ಲಿ ಬಾಯಮ್ಮ ಕಟ್ಟಿಕೊಟ್ಟ ಅಂಬಟೆ ಉಪ್ಪಿನಕಾಯಿ ಘಮಘಮಿಸುತ್ತಿತ್ತು. ಭಟ್ಕಳ ದಾಟುವಾಗ ಅವ್ವ ಇದ್ದಕ್ಕಿದ್ದಂತೆ ಮೊಮ್ಮಗನಿಗೆ ಹೇಳಿದಳು: "ಇವತ್ತಿಂದ ರಾತ್ರಿ ಊಟದ ಪ್ರಾರ್ಥನಿ ನಿಂದು. ನನಗ ವಯಸ್ಸಾತು."

"ನಾನಾ? ನನಗ ಏನ್ ಹೇಳಬೇಕಂತ ಗೊತ್ತಿಲ್ಲಜ್ಜಿ. ನಂಬ್ತೀನೋ ಇಲ್ಲೋ ಅದೂ ಗೊತ್ತಿಲ್ಲ."

"ಅದನ್ನ ಯಾರು ಕೇಳಿದ್ರು? ಅನ್ನ ತಣ್ಣಗಾಗೂದ್ರಾಗ ಮುಗಿಸು, ಅಷ್ಟ."

ಘಟ್ಟ ಹತ್ತುವ ಮೊದಲು ಅಂಕೋಲೆಯಲ್ಲಿ ಊಟಕ್ಕೆ ನಿಲ್ಲಿಸಿದೆವು. ಗಿಜಿಗುಡುವ ಹೋಟೆಲು, ಮೂಲೆಯ ಟಿವಿಯಲ್ಲಿ ಕ್ರಿಕೆಟ್ಟು. ತಟ್ಟೆ ಬಂದವು. ಮಗ ಅತ್ತ ಇತ್ತ ನೋಡಿ, ಕಿವಿ ಕೆಂಪಗೆ ಮಾಡಿಕೊಂಡು, ತಲೆ ತಗ್ಗಿಸಿದ. ಅಡುಗೆ ಮಾಡಿದವರಿಗೆ, ಗಾಡಿ ರಿಪೇರಿ ಮಾಡಿದವನಿಗೆ, ಅವನ ತಾಯಿಯ ಕಾಲಿಗೆ, ಶಿರೂರಿನಲ್ಲಿ ಇನ್ನೂ ಸಿಗದವರ ಮನೆಯವರಿಗೆ ಎಂದು ಪಟ್ಟಿ ಓದಿದ ಹಾಗೆ ಗಡಿಬಿಡಿಯಲ್ಲಿ ಹೇಳಿದ. ಆಮೆನ್ ಅನ್ನುವುದು ಮರೆತ. ಸಪ್ಲಯರ್ ಹುಡುಗ ಜಗ್ಗು ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದವನು, ಮುಗಿಯಿತೆಂದು ಅಂದಾಜು ಮಾಡಿ ಕೇಳಿದ: "ನೀರು ಬಿಸಿಯದ್ದಾ, ತಣ್ಣಂದಾ?"